ನೆರೆಬಯಲ ಕೆರೆಯ ಹೂಳಿನಲ್ಲಿ ಹಳೆಯ ಮಳೆಗಾಲಗಳನ್ನು ಓದುವ ಬಗೆ

ಕಾವೇರಿಯ ದಂಡೆಯ ತಗ್ಗಿನಲ್ಲಿರುವ ಕೆರೆಯ ಹೂಳು ಎರಡು ಮಳೆಗಳ ಲೆಕ್ಕವನ್ನು ಒಟ್ಟಿಗೆ ಇಟ್ಟುಕೊಂಡಿರುತ್ತದೆ. ಒಂದು, ಕೆರೆಯ ಸುತ್ತ ಸುರಿದ ಮಳೆ. ಇನ್ನೊಂದು, ದೂರದ ಬೆಟ್ಟದಲ್ಲಿ ಸುರಿದು ನೆರೆಯಾಗಿ ಬಂದದ್ದು. ತಲಕಾವೇರಿ, ಭಾಗಮಂಡಲಗಳ ಕಡೆ ವರ್ಷಕ್ಕೆ 5000 ಮಿ.ಮೀ. ದಾಟುವ ಮಳೆ ಕುಶಾಲನಗರಕ್ಕೆ ಬರುವಷ್ಟರಲ್ಲಿ ಸುಮಾರು 1000 ಮಿ.ಮೀ.ಗೆ ಇಳಿಯುತ್ತದೆ. ಆದ್ದರಿಂದ ಕುಶಾಲನಗರದ ಬಳಿಯ ಹೂಳಿನಲ್ಲಿ ಕಾಣುವ ಮರಳಿನ ಪದರ ಅಲ್ಲಿಯ ಮಳೆಗಿಂತ ಹೆಚ್ಚಾಗಿ ಭಾಗಮಂಡಲದ ಮಳೆಯನ್ನು ಹೇಳುತ್ತದೆ. ಇವೆರಡನ್ನೂ ಬೇರ್ಪಡಿಸುವುದೇ ಈ ಕೆಲಸದ ತಿರುಳು.

ಕೆರೆಯನ್ನು ಆರಿಸುವಾಗ ಊರಿನ ಹಿರಿಯರನ್ನು ಮೊದಲು ಕೇಳಬೇಕು. ಹೂಳೆತ್ತಿದ ಕೆರೆಯಲ್ಲಿ ಶತಮಾನಗಳ ಪದರಗಳು ಟ್ರ್ಯಾಕ್ಟರ್ ಹತ್ತಿ ಗದ್ದೆ ಸೇರಿರುತ್ತವೆ. ಬೇಸಿಗೆಯಲ್ಲಿ ತಳ ಬಿರಿಯುವಷ್ಟು ಒಣಗುವ ಕೆರೆಯಲ್ಲಿ ಹೂಳಿನಲ್ಲಿ ಉಳಿದ ಸಸ್ಯಗಳ ಪರಾಗ ಕೊಳೆತು ದಾಖಲೆ ಮುರಿದಿರುತ್ತದೆ. ಕೆರೆ ದೇವರಕಾಡಿಗೆ ಸೇರಿದ್ದರೆ ಊರವರ ಒಪ್ಪಿಗೆಯಿಲ್ಲದೆ ಕೈಹಾಕಬಾರದು. ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವ ಹಾರಂಗಿಗೆ ಅಣೆಕಟ್ಟು ಇರುವುದರಿಂದ, ಇತ್ತೀಚಿನ ನೆರೆಗಳ ಗುರುತಿಗೆ ಆ ಸಂಗಮಕ್ಕಿಂತ ಮೇಲಿನ ಕೆರೆಯೇ ಲೇಸು.

ನೀರು ಇಳಿದಿರುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಎರಡು ಮೂರು ಕಡೆ ಕೊಳವೆ ಇಳಿಸಿ ಹೂಳಿನ ಕಂಬವನ್ನು ತೆಗೆಯಬೇಕು. ಮೇಲಿನ ಸಡಿಲ ಕೆಸರು ಕದಡದಂತೆ ಅದಕ್ಕೆಂದೇ ಪ್ರತ್ಯೇಕ ಪಾರದರ್ಶಕ ಕೊಳವೆಯನ್ನು ಬಳಸಬೇಕು. ತುದಿ ಯಾವುದು, ಬುಡ ಯಾವುದು ಎಂಬುದನ್ನು ಅಲ್ಲಿಯೇ ಬರೆದು, ಕಂಬವನ್ನು 4 ಡಿಗ್ರಿ ತಂಪಿನಲ್ಲಿರಿಸಬೇಕು.

ಕಾಲನಿರ್ಣಯಕ್ಕೆ ಒಂದೇ ವಿಧಾನ ಸಾಲದು. ಸುಮಾರು 22 ವರ್ಷ ಅರ್ಧಾಯುವಿನ (ಅಂದರೆ ಅಷ್ಟು ಕಾಲದಲ್ಲಿ ಅರ್ಧಕ್ಕೆ ಇಳಿಯುವ) ವಿಕಿರಣಶೀಲ ಸೀಸ-210 ಈಚಿನ ನೂರು, ನೂರೈವತ್ತು ವರ್ಷಗಳಿಗೆ ಸಾಕಾಗುತ್ತದೆ. ಅಣ್ವಸ್ತ್ರ ಪರೀಕ್ಷೆಗಳಿಂದ ಹರಡಿದ ಸೀಸಿಯಂ-137 ಅತಿ ಹೆಚ್ಚಾಗಿ ಕಾಣುವ ಪದರವನ್ನು 1963ರ ಆಸುಪಾಸಿನದೆಂದು ಗುರುತಿಸಬಹುದು. ಅದಕ್ಕೂ ಹಿಂದಿನ ಕಾಲಕ್ಕೆ 5730 ವರ್ಷ ಅರ್ಧಾಯುವಿನ ಇಂಗಾಲ-14 ಬೇಕು. ಆದರೆ ನೆರೆ ತರುವ ಮಣ್ಣಿನಲ್ಲಿ ಹಳೆಯ ಇಂಗಾಲವೂ ಬೆರೆತಿರುವುದರಿಂದ ಇಡೀ ಕೆಸರಿನ ವಯಸ್ಸನ್ನು ನಂಬದೆ, ಎಲೆಯ ಅಥವಾ ಬೀಜದ ಚೂರನ್ನು ಆಯ್ದು ಕಳಿಸಬೇಕು. ಒಂದೇ ನೆರೆ ಒಂದೆರಡು ದಿನದಲ್ಲಿ ಗೇಣುದ್ದ ಮಣ್ಣು ಹೇರಿರಬಹುದಾದ್ದರಿಂದ ವಯಸ್ಸಿನ ರೇಖೆ ಎಳೆಯುವ ಮೊದಲು ನೆರೆಪದರಗಳ ದಪ್ಪವನ್ನು ಆಳದಿಂದ ಕಳೆಯಬೇಕು. ಹೊಸಬರು ಇದನ್ನೇ ಮರೆಯುತ್ತಾರೆ.

ನೆರೆಪದರ ಸಾಮಾನ್ಯವಾಗಿ ದಪ್ಪ ಕಣಗಳಿಂದ, ಕಡಿಮೆ ಸಾವಯವದಿಂದ, ಮರಳಿನ ಜೊತೆ ಬರುವ ಜಿರ್ಕೋನಿಯಂ ಧಾತು ಹೆಚ್ಚಿರುವುದರಿಂದ ಗುರುತು ಸಿಗುತ್ತದೆ. ಸಾವಯವದ ಅಳತೆಗೆ ಒಣಗಿಸಿದ ಮಾದರಿಯನ್ನು 550 ಡಿಗ್ರಿಯಲ್ಲಿ ಸುಟ್ಟು, ಕಳೆದ ತೂಕವನ್ನು ನೋಡಿದರೆ ಸಾಕು. 2018 ಮತ್ತು 2019ರ ಆಗಸ್ಟ್ ನೆರೆಗಳು ಕೆರೆಗೆ ನುಗ್ಗಿದ್ದನ್ನು ಕಂಡವರು ಊರಿನಲ್ಲಿ ಇರುತ್ತಾರೆ. ಅವು ಮೇಲಿನ ಕೆಸರಿನಲ್ಲಿ ಹೇಗೆ ಕಾಣುತ್ತವೆಂದು ನೋಡಿಕೊಂಡರೆ ಕೆಳಗಿನ ಪದರಗಳಿಗೆ ಅಳತೆಗೋಲು ಸಿಕ್ಕಂತೆ.

ಸ್ಥಳೀಯ ಮಳೆಗೆ ಸಸ್ಯಗಳನ್ನು ಕೇಳಬೇಕು: ಮಳೆ ಹೆಚ್ಚಿದರೆ ಮರ, ತಗ್ಗಿದರೆ ಹುಲ್ಲು ಹೆಚ್ಚುತ್ತದೆ. ಮರಗಳ ಸ್ಥಿರ ಇಂಗಾಲದ ಅನುಪಾತ (ಇಂಗಾಲ-13 ಮತ್ತು ಇಂಗಾಲ-12ರ ಪ್ರಮಾಣವನ್ನು ಒಂದು ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಇಷ್ಟೆಂದು ಹೇಳುವ ಅಳತೆ) ಮೈನಸ್ 27ರ ಸುತ್ತ, ಒಣ ಬಯಲಿನ ಬಹುತೇಕ ಹುಲ್ಲುಗಳದು ಮೈನಸ್ 12ರ ಸುತ್ತ ಇರುತ್ತದೆ. ನೀಲಗಿರಿಯ ಜೌಗಿನ ಕೊಳೆತ ಪದರಗಳಲ್ಲಿ ಇದೇ ವ್ಯತ್ಯಾಸವನ್ನು ಹಿಡಿದು ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಸುಮಾರು 20,000 ವರ್ಷಗಳ ಹವಾಮಾನವನ್ನು ಓದಿದರು. ಕೊಡಗಿನ ಕಣಿವೆಯಲ್ಲಿ ಮಾತ್ರ ಒಂದು ಬಲೆಯಿದೆ: ಭತ್ತವೂ ಹುಲ್ಲಿನ ಜಾತಿಯೇ ಆದರೂ ಅದರ ಇಂಗಾಲದ ಅನುಪಾತ ಮರಗಳದ್ದರಂತೆಯೇ ಇರುತ್ತದೆ. ಕಾಡು ಕಡಿದು ಗದ್ದೆ ಮಾಡಿದ ಕಾಲದಲ್ಲಿ ಇಂಗಾಲ ‘ಕಾಡಿದೆ’ ಎನ್ನುತ್ತಿದ್ದರೆ, ಪರಾಗ ‘ಕಾಡು ಹೋಗಿದೆ, ಮಳೆ ತಗ್ಗಿದೆ’ ಎಂಬ ಭ್ರಮೆ ಹುಟ್ಟಿಸುತ್ತದೆ. ದಪ್ಪ ಧಾನ್ಯಪರಾಗವನ್ನು ಬೇರೆಯಾಗಿ ಎಣಿಸಿದರೆ ಈ ಗೊಂದಲ ತಪ್ಪುತ್ತದೆ. ಕಾಫಿ ತೋಟದ ನೆರಳಿಗೆಂದು ತಂದ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರವಾದ್ದರಿಂದ, ಅದರ ಪರಾಗ ಮೊದಲು ಕಾಣುವ ಪದರ ತೋಟಗಳ ಕಾಲದ್ದೆಂದು ಧೈರ್ಯವಾಗಿ ಹೇಳಬಹುದು; ಅಲ್ಲಿಂದ ಮೇಲಿನ ಮಣ್ಣಿನ ಹೆಚ್ಚಳಕ್ಕೆ ಮಳೆಯಷ್ಟೇ ಕಾರಣವೆಂದು ಬರೆಯಬಾರದು.

ಕಂಬವನ್ನು ಉದ್ದಕ್ಕೆ ಸೀಳಿದ ಮೇಲೆ ಒಂದು ಅರ್ಧವನ್ನು ಮುಟ್ಟದೆ ಎತ್ತಿಡಿ. ವಯಸ್ಸುಗಳು ತಲೆಕೆಳಗಾಗಿ ಬಂದಾಗ ಮತ್ತೆ ದೋಣಿ ಹತ್ತುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.