ಅಣ್ಣನ ಮೊಳ, ತಂಗಿಯ ಮೊಳ: ಮಕ್ಕಳ ಜೊತೆ ಫೈಲು ಕಟ್ಟಿದ ಕಥೆ

ನಾನು ಹಿರಿಯೂರು ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಿಬಿಝಡ್, ಅಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಮೇಷ್ಟ್ರು. ‘ಕೃತಿ ಸಂಪುಟ’ ಅನ್ನುವ ಮಾತು ನಮ್ಮ ಇಲಾಖೆಯವರಿಗೆ ಹೊಸದಲ್ಲ. ತರಬೇತಿಗೆ ಹೋದಾಗಲೆಲ್ಲ ಕೇಳಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮಧ್ಯಾಹ್ನದ ಊಟ ಮುಗಿಸಿ ಬಂದಿದ್ದೇವೆ. ಪ್ರತಿ ಮಗುವಿಗೂ ಒಂದು ಫೈಲು ಇರಬೇಕು, ವರ್ಷವಿಡೀ ಅದು ಮಾಡಿದ ಕೆಲಸ ಅದರಲ್ಲಿರಬೇಕು. ಕೇಳಲು ಚೆನ್ನಾಗಿಯೇ ಇದೆ.

2018ರಲ್ಲಿ ನಾನೂ ಉತ್ಸಾಹದಿಂದ ಶುರು ಮಾಡಿದೆ. ಮಕ್ಕಳಿಗೆ ರಟ್ಟಿನ ಫೈಲು, ಟ್ಯಾಗ್ ದಾರ ತರಿಸಿದೆ. ‘ನೀವು ಮಾಡಿದ ಒಳ್ಳೇ ಕೆಲಸ ಎಲ್ಲ ಇದರಲ್ಲಿ ಹಾಕಿ’ ಅಂದೆ. ಡಿಸೆಂಬರಿನಲ್ಲಿ ತೆಗೆದು ನೋಡಿದರೆ ಒಂಬತ್ತು ಫೈಲಿನಲ್ಲಿ ಒಂದೇ ಪ್ರಾಜೆಕ್ಟ್. ಜಾಗತಿಕ ತಾಪಮಾನ. ಪೇಟೆಯ ಒಂದೇ ಸೈಬರಿನಲ್ಲಿ ತೆಗೆಸಿದ ಬಣ್ಣದ ಪ್ರಿಂಟು. ಅದರಲ್ಲಿ ಒಂದರ ಕೊನೇ ಪುಟದಲ್ಲಿ ಬೇರೆ ಯಾವುದೋ ಶಾಲೆಯ ಹುಡುಗನ ಹೆಸರು ಹಾಗೇ ಉಳಿದಿತ್ತು. ಉಳಿದ ಫೈಲುಗಳಲ್ಲಿ ಪ್ರತಿಭಾ ಕಾರಂಜಿಯ ಸರ್ಟಿಫಿಕೇಟು, ದುಡ್ಡು ಕಟ್ಟಿ ಬರೆದ ಯಾವುದೋ ಖಾಸಗಿ ಪರೀಕ್ಷೆಯ ಸರ್ಟಿಫಿಕೇಟು, ಅದಕ್ಕೆ ಲ್ಯಾಮಿನೇಷನ್ ಬೇರೆ. ಮಗು ಏನು ಕಲಿಯಿತು ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಫೈಲುಗಳನ್ನು ಬೀರುವಿನ ಕೆಳಗಿನ ಅರೆಯಲ್ಲಿಟ್ಟೆ. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಆರು ಫೈಲನ್ನು ಗೆದ್ದಲು ತಿಂದಿತ್ತು. ನಿಜ ಹೇಳಬೇಕೆಂದರೆ ಅಷ್ಟೇನೂ ಬೇಜಾರಾಗಲಿಲ್ಲ.

ಮತ್ತೆ ಕೈ ಹಾಕಿದ್ದು 2021ರಲ್ಲಿ. ಕೊರೋನಾ ಕಳೆದು ಆಗಸ್ಟ್ ಕೊನೆಯಲ್ಲಿ ಒಂಬತ್ತು, ಹತ್ತನೇ ತರಗತಿಯವರು ಶಾಲೆಗೆ ಬಂದಿದ್ದರು. ಮಕ್ಕಳು ಪೆನ್ನು ಹಿಡಿಯುವುದನ್ನೇ ಮರೆತವರ ಹಾಗಿದ್ದರು. ಒಂಬತ್ತನೇ ತರಗತಿಯಲ್ಲಿ 41 ಮಕ್ಕಳು. ಈ ಸಲ ಮೂರೇ ಮಾತು ಹೇಳಿದೆ. ಪ್ರಿಂಟ್ ತೆಗೆಸಿದ್ದು ಬೇಡ. ಸರ್ಟಿಫಿಕೇಟು ಮನೆಯಲ್ಲೇ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿರಲಿ. ನಿಮ್ಮ ಮನೆ, ಹೊಲ, ಬೀದಿಯಲ್ಲಿ ಯಾವುದಾದರೂ ಒಂದನ್ನು ಹಿಡಿದು ವಾರಕ್ಕೊಮ್ಮೆ ನೋಡಿ ಬರೆಯಿರಿ. ಶನಿವಾರ ಬೆಳಗಿನ ಶಾಲೆಯ ಕೊನೇ ಪಿರಿಯಡ್ಡನ್ನು ಇದಕ್ಕೇ ಬಿಡಿಸಿಕೊಂಡೆ.

ಏನನ್ನು ಹಿಡಿಯುವುದು? ಇದಕ್ಕೇ ಮೂರು ಶನಿವಾರ ಹೋಯಿತು. ನಾನು ವಿಷಯಗಳ ಪಟ್ಟಿ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೆ ಪಟ್ಟಿ ಕೊಟ್ಟರೆ ಮಕ್ಕಳು ಮೊದಲನೆಯದನ್ನು ಆರಿಸಿಕೊಳ್ಳುತ್ತಾರೆ, ಪಕ್ಕದವನೂ ಅದನ್ನೇ ಬರೆದುಕೊಳ್ಳುತ್ತಾನೆ. ಅದಕ್ಕೆ ಸುಮ್ನೆ ಮಾತಾಡಿಸಿದೆ. ಬೆಳಿಗ್ಗೆ ಎದ್ದು ಏನು ಕೆಲಸ ಮಾಡ್ತೀಯ? ಹಸು ಕಟ್ತೀನಿ ಸಾರ್. ಎಷ್ಟು ಹಾಲು ಕೊಡುತ್ತೆ? ಗೊತ್ತಿಲ್ಲ ಸಾರ್, ಡೈರಿಗೆ ಅಪ್ಪ ಹೋಗ್ತಾರೆ. ಡೈರಿ ಪುಸ್ತಕದಲ್ಲಿ ಫ್ಯಾಟ್ ಎಷ್ಟು ಅಂತ ಬರೆದಿರ್ತಾರಲ್ಲ, ನೋಡಿದ್ದೀಯಾ? ಹೀಗೆ ಒಬ್ಬೊಬ್ಬರನ್ನೂ ಕೆದಕಿದ ಮೇಲೆ ಹೊರಬಂದದ್ದು ಹಾಲಿನ ಫ್ಯಾಟು, ಶಾಲೆಯ ಹಿಂದಿನ ಹೊಂಗೆ ಮರ, ಅಜ್ಜಿ ಹೇಳುವ ಸೋಬಾನೆ ಪದ, ಕರೆಂಟು ಹೋಗಿ ಬರುವ ಹೊತ್ತು, ಈರುಳ್ಳಿ ಲೆಕ್ಕ, ಒಂದು ಬಾವಿ.

ಬಾವಿಯ ವಿಷಯವನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಈ ಕೆಲಸ ಹೇಗೆ ಮಾಡಬೇಕು ಅಂತ ನನಗೆ ಕಲಿಸಿದ್ದೇ ಆ ಫೈಲು.

ನಮ್ಮ ಕಡೆ ತೆರೆದ ಬಾವಿ ಅಂದರೆ ಹೆಚ್ಚಿನವು ಕಸ ಸುರಿಯುವ ಗುಂಡಿಗಳು. ನೀರಿಗೆ ಎಲ್ಲರೂ ಬೋರು ಕೊರೆಸುವವರೇ. ಆ ಹುಡುಗಿಯ ಹೊಲದ ಬಾವಿಯಲ್ಲಿ ಮಾತ್ರ ಸ್ವಲ್ಪ ನೀರಿತ್ತು. ಅವಳು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುತ್ತಿದ್ದಳು. ಕಲ್ಲು ನೀರು ಮುಟ್ಟಿದ ಸದ್ದು ಕೇಳಿದ ತಕ್ಷಣ ಹಗ್ಗ ಹಿಡಿದು ಮೇಲೆಳೆದು, ಮೊಳದಲ್ಲಿ ಅಳೆದು ಬರೆಯುತ್ತಿದ್ದಳು. ಟೇಪು ಕೊಡಲೇ ಅಂತ ಅನ್ನಿಸಿತು. ಕೊಡಲಿಲ್ಲ. ಅವಳ ದಾರಿಯಲ್ಲೇ ಹೋಗಲಿ ಅಂತ ಬಿಟ್ಟೆ.

ಮೊದಲ ಐದು ವಾರ 20 ಮೊಳ, 20 ಮೊಳ, ಒಮ್ಮೆ ಇಪ್ಪತ್ತಕ್ಕೆ ಒಂದು ಗೇಣು ಕಮ್ಮಿ. ಆಮೇಲೆ ಒಂದು ಶನಿವಾರ 18 ಮೊಳ ಅಂತ ಬಂತು. ಮುಂದಿನ ವಾರವೂ 18. ಮಳೆಯೇ ಬಿದ್ದಿರಲಿಲ್ಲ, ನೀರು ಎರಡು ಮೊಳ ಮೇಲೆ ಬಂದಿದ್ದು ಹೇಗೆ? ತರಗತಿಯಲ್ಲಿ ಕೇಳಿದೆ. ಒಬ್ಬ ‘ಒಳಗಿಂದ ಸೆಲೆ ಒಡೆದಿರಬೇಕು ಸಾರ್’ ಅಂದ. ಇನ್ನೊಬ್ಬಳು ‘ಪಕ್ಕದ ಬೋರು ನಿಲ್ಲಿಸಿದ್ದಾರೇನೋ’ ಅಂದಳು. ಒಳ್ಳೇ ಊಹೆಗಳೇ. ಬಾವಿಯ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಕೊನೆಗೆ ಮೆಲ್ಲಗೆ ಹೇಳಿದಳು, ‘ಎರಡು ವಾರ ನಂಗೆ ಜ್ವರ ಇತ್ತು ಸಾರ್. ನಮ್ಮಣ್ಣ ಅಳೆದ.’

ಅಣ್ಣನ ಕೈ ಉದ್ದ. ಅವನ ಮೊಳ ದೊಡ್ಡದು, ಅದಕ್ಕೇ ಲೆಕ್ಕ ಕಮ್ಮಿ ಬಂದಿದೆ. ಇಡೀ ತರಗತಿ ನಕ್ಕಿತು, ಆಮೇಲೆ ಎಲ್ಲರೂ ತಮ್ಮ ತಮ್ಮ ಮೊಳ ಸ್ಕೇಲಿನಲ್ಲಿ ಅಳೆದುಕೊಳ್ಳಲು ಶುರು ಮಾಡಿದರು. ಅವಳದು 43 ಸೆಂಟಿಮೀಟರ್. ಸೋಮವಾರ ಅಣ್ಣನದೂ ಅಳೆದು ಬಂದಳು, 48. ಲೆಕ್ಕ ಹಾಕಿದರೆ ಸರಿಯಾಗಿ ಕೂತಿತು, ನೀರು ಅಲ್ಲಾಡಿರಲೇ ಇಲ್ಲ. ಪ್ರಮಾಣಿತ ಮಾನ ಯಾಕೆ ಬೇಕು ಅಂತ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆವತ್ತಿನಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ, ನಾನೇನೂ ಪಾಠ ಮಾಡಿರಲೂ ಇಲ್ಲ.

ಅವಳು ಆ ಹಾಳೆ ಹರಿಯಲು ಹೊರಟಳು. ‘ನೀಟಾಗಿ ಬರ್ಕೊಂಡು ಬರ್ತೀನಿ ಸಾರ್.’

ಬೇಡ ಅಂದೆ. ಅದಕ್ಕೆ ಕಾರಣವಿತ್ತು. ಹಿಂದಿನ ಸಲ ಒಬ್ಬ ಹುಡುಗ ಶೇಂಗಾ ಗಿಡದ ಎಲೆ ಚುಕ್ಕೆ ರೋಗ ಗಮನಿಸಿ ಬರೆದಿದ್ದ. ಮಣ್ಣಿನ ಬೆರಳಚ್ಚು, ಕಾಟು, ಅರ್ಧ ಬಿಟ್ಟ ಚಿತ್ರ. ನಾನೇ ಅವನ ಕೈಲಿ ಬಿಳಿ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆಸಿದೆ. ಅವನು ಹಳೇದನ್ನು ಎಸೆದ. ನೀಟಾದ ಹಾಳೆಯಲ್ಲಿ ಚುಕ್ಕೆ ಮೊದಲು ಯಾವ ಎಲೆಗೆ ಬಂತು, ಯಾವ ತಾರೀಕು ಅನ್ನುವುದೇ ಇರಲಿಲ್ಲ. ಅಂದವಾಗಲಿ ಅಂತ ಆಸೆಪಟ್ಟು ಕೆಲಸವನ್ನೇ ಕಳೆದವನು ನಾನು. ಅವತ್ತಿನಿಂದ ಫೈಲಿನೊಳಗೆ ವೈಟ್ನರ್ ಬಂದ್ ಮಾಡಿದ್ದೇನೆ. ತಪ್ಪಿದ್ದರೆ ಒಂದು ಗೆರೆ ಎಳೆಯಬೇಕು, ಕೆಳಗಿರುವುದು ಓದಲು ಬರಬೇಕು, ಪಕ್ಕದಲ್ಲಿ ತಾರೀಕು.

ನವೆಂಬರಿನಲ್ಲಿ ಹಿಡಿದ ಮಳೆಗೆ ಬಾವಿ ಏರತೊಡಗಿತು. ಮರುವರ್ಷ ಅವಳು ಹತ್ತನೇ ತರಗತಿ. 2022ರ ಸೆಪ್ಟೆಂಬರಿನಲ್ಲಿ ನಮ್ಮ ವಾಣಿ ವಿಲಾಸ ಸಾಗರ, ಅಂದರೆ ಮಾರಿಕಣಿವೆ ಡ್ಯಾಂ, ಕೋಡಿ ಬಿತ್ತು. 1933ರ ನಂತರ 89 ವರ್ಷಕ್ಕೆ. ತಾಲೂಕಿಗೆ ತಾಲೂಕೇ ನೋಡಲು ಹೋಯಿತು. ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳಿರಲಿಲ್ಲ, ನಾನೂ ಸಂಜೆ ಬೈಕ್ ಹತ್ತಿದೆ. ಅವಳು ಆ ವಾರ ಫೈಲಿನಲ್ಲಿ ಬರೆದಳು: ‘ಡ್ಯಾಂ ತುಂಬಿದ್ದರಿಂದ ನಮ್ಮ ಬಾವಿ ತುಂಬಿತು.’ ಊರೆಲ್ಲ ಅದನ್ನೇ ಮಾತಾಡುತ್ತಿತ್ತು. ನಾನು ಏನೂ ಅನ್ನಲಿಲ್ಲ, ‘ನಿನ್ನ ಹಿಂದಿನ ಲೆಕ್ಕ ನೋಡು’ ಅಂದೆ ಅಷ್ಟೇ. ನೀರು ಜುಲೈಯಿಂದಲೇ ಏರುತ್ತಿತ್ತು. ಮೇಲಾಗಿ ಅವಳ ಊರು ಡ್ಯಾಮಿಗಿಂತ ಎತ್ತರದಲ್ಲಿ, ಬೇರೆ ದಿಕ್ಕಿನಲ್ಲಿದೆ. ಗ್ರಾಮ ಪಂಚಾಯಿತಿಗಳಲ್ಲಿ ಮಳೆ ಅಳೆಯುವ ಯಂತ್ರ ಇರುತ್ತದೆ, ಆ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಆ ಅಂಕಿಗಳನ್ನು ತೆಗೆದುಕೊಟ್ಟೆ. ಎರಡನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಹಾಕಿದಳು. ಮಳೆ ಬಂದ ಹತ್ತು ಹದಿನೈದು ದಿನಕ್ಕೆ ಬಾವಿ ಏರುವುದು ಕಣ್ಣಿಗೆ ಕಾಣುತ್ತಿತ್ತು. ಮೊದಲಿನ ವಾಕ್ಯಕ್ಕೆ ಗೆರೆ ಎಳೆದು ಕೆಳಗೆ ಬರೆದಳು, ‘ಡ್ಯಾಮೂ ತುಂಬಿತು, ಬಾವಿಯೂ ತುಂಬಿತು. ಎರಡಕ್ಕೂ ಮಳೆಯೇ ಕಾರಣ.’

ಈ ಫೈಲಿನಿಂದಲೇ ಅವಳು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹೋದಳು. 1993ರಿಂದ ದೇಶದಲ್ಲೆಲ್ಲ ನಡೆಯುತ್ತಿರುವ ಇದು 10ರಿಂದ 17 ವಯಸ್ಸಿನ ಮಕ್ಕಳಿಗೆ. ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಬೇಕು, ದಿನಚರಿ ಪುಸ್ತಕ ಇಡಬೇಕು. ಬೇರೆ ಶಾಲೆಯವರು ಹಿಂದಿನ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ಮೂರು ತಿಂಗಳ ದಿನಚರಿ ಬರೆದಿದ್ದು ನೋಡಿದ್ದೇನೆ. ನಮ್ಮವರೂ ಹಿಂದೆ ಹಾಗೇ ಮಾಡಿದ್ದರು, ಸುಳ್ಳು ಯಾಕೆ ಹೇಳಲಿ. ಅವಳು ಜಿಲ್ಲಾ ಮಟ್ಟ ದಾಟಲಿಲ್ಲ. ತೀರ್ಪುಗಾರರೊಬ್ಬರು ಅಣ್ಣನ ಮೊಳದ ಪುಟ ನೋಡಿ ನಕ್ಕು, ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿದರಂತೆ.

ಈಗ ಈರುಳ್ಳಿ ಹುಡುಗ. ಅಪ್ಪ ಬೆಂಗಳೂರಿನ ಯಶವಂತಪುರಕ್ಕೆ ಲೋಡು ಕಳಿಸುತ್ತಾರೆ. ಮಂಡಿಯಿಂದ ಬಂದ ಪಟ್ಟಿ ನೋಡಿ ಇವನು ಬೀಜ, ಗೊಬ್ಬರ, ಕಳೆ ಕೂಲಿ, ಚೀಲ, ಲಾರಿ ಬಾಡಿಗೆ, ಹಮಾಲಿ ಎಲ್ಲ ಕಳೆದು ಚೀಲಕ್ಕೆ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕಿದ. ಶೇಕಡಾ ಲೆಕ್ಕದಲ್ಲಿ ಸೊನ್ನೆ ತೆಗೆಯುತ್ತಿದ್ದ ಹುಡುಗ! ನಮ್ಮ ಗಣಿತದ ಮೇಡಂ ಮೊದಲು ‘ಇದರಿಂದ ರಿಸಲ್ಟ್ ಏನಾದ್ರೂ ಜಾಸ್ತಿ ಆಗುತ್ತಾ ಸಾರ್?’ ಅಂತ ಕೇಳಿದ್ದರು. ಅವರೇ ಆ ಹಾಳೆ ತೆಗೆದುಕೊಂಡು ಹತ್ತನೇ ತರಗತಿಗೆ ಪಾಠ ಮಾಡಿದರು. ಆದರೆ ಒಂದು ದಿನ ಅವನ ಅಪ್ಪ ಶಾಲೆಗೆ ಬಂದರು. ‘ಮೇಷ್ಟ್ರೇ, ಸಾಲದ ಲೆಕ್ಕ ಎಲ್ಲ ಬರ್ದವ್ನೆ, ನಾಕು ಜನ ನೋಡಿದ್ರೆ ಏನಂದ್ಕೊಂತಾರೆ?’ ಅವರು ಕೇಳಿದ್ದು ಸರಿಯಾಗಿತ್ತು. ನನಗೆ ಅದು ಹೊಳೆದಿರಲೇ ಇಲ್ಲ. ಆ ಹಾಳೆಯನ್ನು ಅವರ ಕೈಗೇ ಕೊಟ್ಟೆ. ಈಗ ಮನೆಯ ದುಡ್ಡು, ಕಾಯಿಲೆ, ಜಗಳ ಬಂದರೆ ಫೈಲಿಗೆ ಹಾಕುವ ಮುಂಚೆ ಮನೆಯಲ್ಲಿ ಕೇಳಿಕೊಂಡು ಬಾ ಅನ್ನುತ್ತೇನೆ. ಇನ್‌ಸ್ಪೆಕ್ಷನ್‌ಗೆ ಬಂದವರಿಗೂ ಮಗುವಿನ ಎದುರೇ ಫೈಲು ತೋರಿಸುವುದು.

ತುಂಬ ಕಷ್ಟವಾದದ್ದು ಮಕ್ಕಳ ಕೈಲಿ ‘ನಾನೇನು ಕಲಿತೆ’ ಅಂತ ಬರೆಸುವುದು. ಎಲ್ಲರೂ ಬರೆಯುವುದು ಒಂದೇ: ‘ತುಂಬಾ ಚೆನ್ನಾಗಿತ್ತು. ಪರಿಸರ ಉಳಿಸಬೇಕು.’ ಎಷ್ಟು ಹೇಳಿದರೂ ಅಷ್ಟೇ. ಕೊನೆಗೆ ಬರೆಸುವುದನ್ನು ಬಿಟ್ಟು ಮಾತಾಡಿಸಿದೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ‘ಎಲ್ಲಿ ತಪ್ಪಿದೆ? ಮತ್ತೆ ಮಾಡಿದರೆ ಏನು ಬದಲಾಯಿಸ್ತೀಯ?’ ಅಂತ ಒಬ್ಬರು ಇನ್ನೊಬ್ಬರನ್ನು ಕೇಳಬೇಕು, ಅವರು ಹೇಳಿದ್ದನ್ನು ಹಾಗೇ ಅವರ ಮಾತಿನಲ್ಲೇ ಬರೆದುಕೊಡಬೇಕು. ‘ಹೊಂಗೆ ಎಲೆ ಎಣಿಸೋಕೆ ಹೋದೆ, ಅದು ಆಗಲ್ಲ, ಒಂದು ಕೊಂಬೆ ಸಾಕಿತ್ತು’ ಅಂತ ಒಬ್ಬ ಹೇಳಿದ. ಈ ಒಂದು ವಾಕ್ಯ ಸಾಕು. ಪರಿಸರ ಉಳಿಸುವುದು ಆಮೇಲೆ ನೋಡೋಣ.

ಹೊಂಗೆ ಹುಡುಗನ ಮೂರು ವಾಕ್ಯ ತಿದ್ದಿ ನಾನು ‘ಶುದ್ಧ’ ಕನ್ನಡ ಮಾಡಿದ್ದೆ. ಕನ್ನಡ ಮೇಷ್ಟ್ರೇ ಬೈದರು, ‘ಅವನದನ್ನು ಅವನ ಪಾಡಿಗೆ ಬಿಡಿ ಸಾರ್’ ಅಂತ.

ಪೋಷಕರು, ಬೇರೆ ಶಿಕ್ಷಕರು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಉಪಯೋಗ ಏನು? ಇದ್ದದ್ದು ಹೇಳಿಬಿಡುತ್ತೇನೆ. ಪಿಯುಸಿ ಸೇರುವಾಗ ಇದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ನೋಡುವುದು ಮಾರ್ಕ್ಸ್ ಕಾರ್ಡು, 625ಕ್ಕೆ ಎಷ್ಟು ಅಂತ. ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆಗೂ ಫೈಲು ಬೇಡ. ಎಂಟನೇ ತರಗತಿಯಲ್ಲಿ ಅದನ್ನು ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಬಡ ಮಕ್ಕಳಿಗೆ ದೊಡ್ಡ ಮೊತ್ತ. ಮೊದಲು ಅದಕ್ಕೆ ತಯಾರಿ ಮಾಡಿಸಿ ಅಂತಲೇ ನಾನೂ ಹೇಳುವುದು. ಫೈಲು ನೇರವಾಗಿ ಕೆಲಸಕ್ಕೆ ಬಂದದ್ದು ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಅವಾರ್ಡ್ ಮಾನಕ್‌ಗೆ ಐಡಿಯಾ ಕಳಿಸುವಾಗ. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ನೆಟ್‌ನಲ್ಲಿ ಕಂಡ ಐಡಿಯಾ ಕಳಿಸಿದರೆ ಪ್ರಯೋಜನವಿಲ್ಲ. ಫೈಲಿನಲ್ಲಿ ತಾರೀಕು ಸಮೇತ ಇರುವ ಗೀಚು ಚಿತ್ರಗಳನ್ನು ನೋಡಿ ಬರೆದರೆ ಐಡಿಯಾ ಮಗುವಿನದೇ ಅಂತ ಗೊತ್ತಾಗುತ್ತದೆ. ನಾವು ಕಳಿಸಿದ್ದರಲ್ಲಿ ಒಂದು ಆಯ್ಕೆಯಾಯಿತು. ಆದರೆ ಆ ಮಗುವಿನ ಹೆಸರು ಆಧಾರ್‌ನಲ್ಲಿ ಒಂದು ಥರ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಥರ. ಹಣ ಕೈಗೆ ಬರುವಷ್ಟರಲ್ಲಿ ಬ್ಯಾಂಕಿಗೆ ಐದು ಸಲ ಅಲೆದೆವು. ಅದಕ್ಕೇ ಈಗ ಎಂಟನೇ ತರಗತಿಗೆ ಸೇರಿದ ತಿಂಗಳಲ್ಲೇ ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಇನ್ನೊಂದು ಉಪಯೋಗ ತಡವಾಗಿ ಗೊತ್ತಾಯಿತು. ಬಾವಿಯ ಹುಡುಗಿ ಪಿಯುಸಿ ಮುಗಿಸುವಾಗ ಬೆಂಗಳೂರಿನ ಒಂದು ವಿಶ್ವವಿದ್ಯಾಲಯಕ್ಕೆ ಡಿಗ್ರಿಗೆ ಅರ್ಜಿ ಹಾಕಿದ್ದಳು. ಅಲ್ಲಿ ಪರೀಕ್ಷೆಯ ಜೊತೆ ಸಂದರ್ಶನವೂ ಇತ್ತು. ಹೋಗುವ ಮುಂಚೆ ಫೋನ್ ಮಾಡಿದಳು. ‘ಸಾರ್, ಫೈಲ್ ತಗೊಂಡು ಹೋಗ್ಲಾ? ಮಣ್ಣಾಗಿದೆ.’ ತಗೊಂಡು ಹೋಗಮ್ಮ ಅಂದೆ. ನಿನ್ನ ಬಗ್ಗೆ ಹೇಳು ಅಂದಾಗ ಬಾಯಿ ಕಟ್ಟಿಹೋಯಿತಂತೆ. ಫೈಲು ತೆಗೆದು ಅಣ್ಣನ ಮೊಳದ ಪುಟ ತೋರಿಸಿದ ಮೇಲೆ ಅರ್ಧ ಗಂಟೆ ಅವಳದೇ ಮಾತು. ಸೀಟು ಸಿಕ್ಕಿತು. ಫೈಲಿನಿಂದಲೇ ಸಿಕ್ಕಿತು ಅಂತ ನಾನು ಹೇಳುವುದಿಲ್ಲ, ಅವಳು ಪರೀಕ್ಷೆಯನ್ನೂ ಚೆನ್ನಾಗಿ ಬರೆದಿದ್ದಳು.

ಎಲ್ಲರದೂ ಹೀಗೇ ಆಯಿತು ಅಂದುಕೊಳ್ಳಬೇಡಿ. ಆ 41 ಜನರಲ್ಲಿ ಎರಡು ವರ್ಷ ಬಿಡದೆ ಬರೆದವರು 14. ಇನ್ನು ಕೆಲವರದು ಕಂತು ಕಂತು. ಹತ್ತನೇ ತರಗತಿಯ ಜನವರಿ ಬಂದರೆ ನಾನೇ ಶನಿವಾರದ ಪಿರಿಯಡ್ಡನ್ನು ಪಾಸಿಂಗ್ ಪ್ಯಾಕೇಜಿಗೆ, ಅಂದರೆ ಹಿಂದುಳಿದವರನ್ನು ಪಾಸು ಮಾಡಿಸುವ ಅಭ್ಯಾಸಕ್ಕೆ, ಬಿಟ್ಟುಕೊಡುತ್ತೇನೆ, ಬೇರೆ ದಾರಿ ಇಲ್ಲ. ಶುರು ಮಾಡುವವರು ಎಂಟು ಅಥವಾ ಒಂಬತ್ತರಲ್ಲೇ ಮಾಡಿ. ಒಂದೇ ತರಗತಿ ಸಾಕು, ಇಡೀ ಶಾಲೆಗೆ ಕೈ ಹಾಕಬೇಡಿ.

ಎಸ್‌ಎಸ್‌ಎಲ್‌ಸಿ ಮುಗಿದು ಟಿಸಿ ಕೊಡುವ ದಿನವೇ ಫೈಲನ್ನೂ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ. ಹೋದ ವರ್ಷ 11 ಮಕ್ಕಳು ‘ಆಮೇಲೆ ಬರ್ತೀವಿ ಸಾರ್’ ಅಂದು ಹೋದವರು ಇನ್ನೂ ಬಂದಿಲ್ಲ. ಅವು ಬೀರುವಿನ ಮೇಲಿನ ಅರೆಯಲ್ಲಿವೆ. ಈ ಸಲ ಮಧ್ಯೆ ಮಧ್ಯೆ ಬೇವಿನ ಸೊಪ್ಪು ಇಟ್ಟಿದ್ದೇನೆ.