ಆಫೀಸಿಗೆ ಶೂ ಮತ್ತು ಪ್ಯಾಂಟು: ಹೊಸದಾಗಿ ಬಂದಿರುವ ಗಂಡಸರಿಗೆ

ಹೊಸ ದೇಶದಲ್ಲಿ ಕೆಲಸಕ್ಕೆ ಸೇರುವಾಗ ಉಡುಪು ‘ಬಿಸಿನೆಸ್ ಕ್ಯಾಶುವಲ್’ ಆಗಿರಬೇಕು ಎಂದು ತಿಳಿಸುತ್ತಾರೆಯೇ ಹೊರತು ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಗಂಡಸರ ಮಟ್ಟಿಗೆ ಅದು ಸೂಟು-ಟೈಗೂ ಜೀನ್ಸ್-ಟೀಶರ್ಟಿಗೂ ನಡುವಿನ ಉಡುಪು: ಕಾಲರಿರುವ ಅಂಗಿ, ಚಿನೋಸ್ (ಹತ್ತಿಯ ಸಾದಾ ಪ್ಯಾಂಟು) ಅಥವಾ ಉಣ್ಣೆಯ ಪ್ಯಾಂಟು, ಚರ್ಮದ ಶೂ. ಜೀನ್ಸ್ ಸಲ್ಲುತ್ತದೆಯೇ ಎಂಬುದನ್ನು ಮೊದಲ ವಾರ ಸಹೋದ್ಯೋಗಿಗಳನ್ನು ನೋಡಿ ತೀರ್ಮಾನಿಸಬಹುದು. ಅಂಗಿಯಲ್ಲಿ ತಪ್ಪಾದರೆ ಹೇಗೋ ಸುಧಾರಿಸಿಕೊಳ್ಳಬಹುದು. ಸರಿಹೊಂದದ ಶೂ ಮತ್ತು ಪ್ಯಾಂಟು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕಾಡುತ್ತವೆ. ಆದ್ದರಿಂದ ಇಲ್ಲಿ ಆ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಹೊರಡುವಾಗ ಮೂರು ನಾಲ್ಕು ಜೊತೆ ಶೂ ಕಟ್ಟಿಕೊಂಡು ಬರಬೇಡಿ. ನಾನು ಹಾಗೆ ತಂದವನು. ಒಂದು ಜೊತೆಯನ್ನು ವಿಶೇಷ ದಿನಗಳಿಗೆಂದು ಡಬ್ಬಿಯಲ್ಲೇ ಇಟ್ಟಿದ್ದೆ. ಐದು ವರ್ಷದ ನಂತರ ಒಂದು ಮುಖ್ಯವಾದ ಸಭೆಗೆ ಅದನ್ನು ಹಾಕಿಕೊಂಡು ಹೋದಾಗ, ಲಿಫ್ಟಿನಿಂದ ಸಭೆಯ ಕೋಣೆಯವರೆಗೆ ಕಾರ್ಪೆಟ್ಟಿನ ಮೇಲೆ ಕಪ್ಪು ಪುಡಿ ಉದುರುತ್ತಾ ಬಂದಿತ್ತು. ಕುಳಿತು ಮುಟ್ಟಿ ನೋಡಿದರೆ ಹಿಮ್ಮಡಿಯ ಕಡೆಯ ಅಟ್ಟೆ ಒಣಗಿದ ಮಣ್ಣಿನ ಹೆಂಟೆಯಂತೆ ಬೆರಳಿಗೇ ಪುಡಿಯಾಗುತ್ತಿತ್ತು. ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನ ಅಟ್ಟೆಯನ್ನು ಗಾಳಿಯಲ್ಲಿರುವ ತೇವ ವರ್ಷಗಳುದ್ದಕ್ಕೂ ಒಳಗಿನಿಂದಲೇ ಶಿಥಿಲಗೊಳಿಸುತ್ತದೆ. ಹಾಕದೆ ಜೋಪಾನವಾಗಿಟ್ಟರೆ ಉಳಿಯುತ್ತದೆ ಎಂಬ ನಮ್ಮ ಲೆಕ್ಕಾಚಾರ ಅದರ ಮುಂದೆ ನಡೆಯುವುದಿಲ್ಲ. ರಬ್ಬರಿನ ಅಟ್ಟೆ ಹೀಗೆ ಪುಡಿಯಾಗುವುದಿಲ್ಲ, ಒದ್ದೆ ನೆಲದ ಮೇಲೆ ಚರ್ಮದ ಅಟ್ಟೆಯಂತೆ ಜಾರುವುದೂ ಇಲ್ಲ. ಮಳೆ, ಹಿಮ ಇರುವ ಊರಿನಲ್ಲಿ ಅದನ್ನೇ ಆರಿಸಿಕೊಳ್ಳಿ.

ಮುಂದಿನ ಗೊಂದಲ ನಂಬರಿನದು. ಭಾರತದಲ್ಲಿ ನಾವು ಹೇಳುವ ಶೂ ನಂಬರು ಬಹುಮಟ್ಟಿಗೆ ಬ್ರಿಟಿಷ್ ಅಳತೆಯದು. ಅಲ್ಲಿ 8 ಎನ್ನುವುದು ಅಮೆರಿಕದ ಗಂಡಸರ ಅಳತೆಯಲ್ಲಿ ಸುಮಾರು 9, ಯೂರೋಪಿನಲ್ಲಿ ಸುಮಾರು 42. ಬ್ರಿಟಿಷ್ ಮತ್ತು ಅಮೆರಿಕನ್ ಅಳತೆಗಳಲ್ಲಿ ಒಂದು ನಂಬರಿನಿಂದ ಮುಂದಿನ ನಂಬರಿಗೆ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಉದ್ದ ಹೆಚ್ಚುತ್ತದೆ. ಹೀಗಿರುವಾಗ ಅರ್ಧ ನಂಬರನ್ನೂ ಹಗುರವಾಗಿ ಕಾಣುವಂತಿಲ್ಲ.

ಉದ್ದಕ್ಕಿಂತ ಹೆಚ್ಚು ಜನ ಎಡವುವುದು ಅಗಲದಲ್ಲಿ. ಪಾದದ ಮುಂಭಾಗ ಅಗಲವಾಗಿರುವವರು ಬಿಗಿಯನ್ನು ತಪ್ಪಿಸಿಕೊಳ್ಳಲು ಒಂದು ನಂಬರು ಉದ್ದದ ಶೂ ಕೊಳ್ಳುತ್ತಾರೆ. ಆಗ ಹಿಮ್ಮಡಿ ಜಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಾದ ಬಾಗುವ ಜಾಗವೂ ಶೂ ಬಾಗುವ ಜಾಗವೂ ಬೇರೆ ಬೇರೆಯಾಗಿ, ಚರ್ಮದ ಮಡಿಕೆ ಬೆರಳುಗಳ ಮೇಲೆಯೇ ಬಂದು ಶೂ ಕಚ್ಚತೊಡಗುತ್ತದೆ. ಅಗಲಕ್ಕೆ ಪ್ರತ್ಯೇಕ ಗುರುತುಗಳಿವೆ ಎಂಬುದು ನನಗೂ ಬಹಳ ಕಾಲ ತಿಳಿದಿರಲಿಲ್ಲ. ಅಮೆರಿಕನ್ ಅಳತೆಯಲ್ಲಿ ಗಂಡಸರ ಸಾಧಾರಣ ಅಗಲ ‘ಡಿ’, ಅದಕ್ಕಿಂತ ಅಗಲವಾದವು ‘ಇ’ ಮತ್ತು ‘ಇಇ’. ಬ್ರಿಟಿಷ್ ಅಳತೆಯಲ್ಲಿ ಸಾಧಾರಣವಾದುದು ‘ಎಫ್’, ಅಗಲವಾದವು ‘ಜಿ’ ಮತ್ತು ‘ಎಚ್’. ಅಂಗಡಿಯಲ್ಲಿ ಬ್ರಾನಾಕ್ ಎಂಬ ಲೋಹದ ಅಳತೆ ತಟ್ಟೆ ಇದ್ದರೆ ಸಂಕೋಚಪಡದೆ ಅಳೆಯಲು ಹೇಳಿ. ಅದು ಹಿಮ್ಮಡಿಯಿಂದ ಬೆರಳ ತುದಿಗೆ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿಗೆ, ಜೊತೆಗೆ ಅಗಲಕ್ಕೆ, ಹೀಗೆ ಮೂರು ಅಳತೆಗಳನ್ನು ಕೊಡುತ್ತದೆ. ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ, ಆಫೀಸಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ನಿಂತುಕೊಂಡು ಎರಡೂ ಪಾದಗಳನ್ನು ಅಳೆಸಬೇಕು. ಯಾವ ಪಾದ ದೊಡ್ಡದೋ ಅದಕ್ಕೆ ಸರಿಯಾಗಿ ಕೊಳ್ಳಬೇಕು. “ಹಾಕಿಕೊಳ್ಳುತ್ತಾ ಸಡಿಲವಾಗುತ್ತದೆ” ಎಂಬ ಮಾರಾಟಗಾರನ ಮಾತು ಅಗಲದ ಮಟ್ಟಿಗೆ ಅಲ್ಪಸ್ವಲ್ಪ ನಿಜ, ಉದ್ದದ ಮಟ್ಟಿಗೆ ಪೂರ್ತಿ ಸುಳ್ಳು.

ಲೇಸು ಕಟ್ಟುವ ಶೂಗಳ ಎರಡು ಮುಖ್ಯ ಮಾದರಿಗಳಾದ ಆಕ್ಸ್‌ಫರ್ಡ್ ಮತ್ತು ಡರ್ಬಿಗಳಲ್ಲಿ ಡರ್ಬಿಯೇ ನನ್ನ ಆಯ್ಕೆ. ಆಕ್ಸ್‌ಫರ್ಡ್ ಶೂಗಳಲ್ಲಿ ಲೇಸಿನ ಪಟ್ಟಿಗಳು ಮುಂಭಾಗದ ಚರ್ಮದ ಅಡಿಯಲ್ಲಿ ಹೊಲಿದು ಮುಚ್ಚಿರುತ್ತವೆ. ಡರ್ಬಿಯಲ್ಲಿ ಅವು ಮೇಲೆ ಬಿಡಿಯಾಗಿರುವುದರಿಂದ ಪಾದದ ಮೇಲ್ಭಾಗ ಉಬ್ಬಿರುವವರಿಗೆ ಬೇಕಾದಷ್ಟು ಸಡಿಲಿಸಿಕೊಳ್ಳಲು ಬರುತ್ತದೆ. ಬಾಳಿಕೆಯನ್ನು ನೋಡುವವರು ಅಟ್ಟೆ ಹೇಗೆ ಕೂಡಿಕೊಂಡಿದೆ ಎಂದು ಕೇಳಬೇಕು. ‘ಗುಡ್‌ಇಯರ್ ವೆಲ್ಟ್’ ವಿಧಾನದಲ್ಲಿ (ರಬ್ಬರನ್ನು ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗನ ಹೆಸರಿನದು, ಟಯರ್ ಕಂಪನಿಗೆ ಸಂಬಂಧಿಸಿದ್ದಲ್ಲ) ಶೂವಿನ ಸುತ್ತ ಒಂದು ಪಟ್ಟಿಯನ್ನು ಹೊಲಿದು, ಆ ಪಟ್ಟಿಗೆ ಅಟ್ಟೆಯನ್ನು ಹೊಲಿಯುತ್ತಾರೆ. ಸವೆದಾಗ ಮೇಲಿನ ಚರ್ಮಕ್ಕೆ ಧಕ್ಕೆಯಾಗದಂತೆ ಅಟ್ಟೆಯನ್ನು ಬದಲಿಸಬಹುದು. ಬರೀ ಅಂಟಿನಿಂದ ಕೂಡಿಸಿದ ಶೂ ಹಗುರ ಮತ್ತು ಅಗ್ಗ, ಆದರೆ ಅಟ್ಟೆ ಸವೆದರೆ ಸಾಮಾನ್ಯವಾಗಿ ಅದರ ಕಥೆ ಮುಗಿದಂತೆ. ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆಗೆ ಮರುಳಾಗಬೇಡಿ. ಅದು ಚರ್ಮವೆಂದು ಹೇಳುತ್ತದೆಯೇ ಹೊರತು ಒಳ್ಳೆಯ ಚರ್ಮವೆಂದಲ್ಲ. ‘ಫುಲ್ ಗ್ರೇನ್’ ಎಂದಿದ್ದರೆ ಮೇಲ್ಪದರವನ್ನು ಉಜ್ಜಿ ತೆಗೆಯದ, ಬಾಳಿಕೆ ಬರುವ ಚರ್ಮ ಎಂದರ್ಥ.

ಕಂದು ಬಣ್ಣದ್ದೊಂದು, ಕಪ್ಪು ಬಣ್ಣದ್ದೊಂದು, ಒಟ್ಟು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ, ಒಳಗೆ ಸೇರಿದ ಬೆವರು ಆರಲು ಒಂದು ದಿನ ಸಿಗುತ್ತದೆ. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಚರ್ಮದ ಮೇಲೆ ಬಿಳಿಯ ಗೆರೆಯಾಗಿ ನಿಲ್ಲುತ್ತದೆ. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒದ್ದೆಯಾದ ಶೂವನ್ನು ಹೀಟರಿನ ಪಕ್ಕ ಇಡಬೇಡಿ, ಚರ್ಮ ಸೀಳುತ್ತದೆ.

ಪ್ಯಾಂಟಿನ ಚೀಟಿಯಲ್ಲಿ 34/30 ಎಂದಿದ್ದರೆ ಮೊದಲನೆಯದು ನಡುವಿನ ಸುತ್ತಳತೆ, ಎರಡನೆಯದು ಒಳಗಾಲಿನ ಉದ್ದ, ಎರಡೂ ಅಂಗುಲಗಳಲ್ಲಿ. ನಡುವಿನ ಅಂಕೆಯನ್ನು ಪೂರ್ತಿ ನಂಬಬೇಡಿ: ಕೊಳ್ಳುವವರ ಮನಸ್ಸಿಗೆ ಹಿತವಾಗಲೆಂದು ಚಿಕ್ಕ ಅಂಕೆ ಹಾಕುವ ಕಂಪನಿಗಳು ಸಾಕಷ್ಟಿವೆ. ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು, ಕುರ್ಚಿಯಲ್ಲಿ ಕುಳಿತು ನೋಡಬೇಕು. ಜೇಬುಗಳು ಕಿವಿಯಂತೆ ಬಾಯಿ ತೆರೆದರೆ ಸೊಂಟದ ಕೆಳಗೆ ಬಿಗಿಯಾಗಿದೆ. ಬೆಲ್ಟು ಹೊಟ್ಟೆಯನ್ನು ಒತ್ತುತ್ತಾ ಹಿಂಬದಿ ಜಾರಿದರೆ ಸೊಂಟಪಟ್ಟಿಯಿಂದ ಕವಲಿನವರೆಗಿನ ಎತ್ತರ ಕಡಿಮೆಯಾಗಿದೆ. ಪ್ಯಾಂಟು ಮೊದಲು ಸವೆಯುವುದು ಮೊಣಕಾಲಿನಲ್ಲಲ್ಲ, ತೊಡೆಗಳು ಒಂದಕ್ಕೊಂದು ಉಜ್ಜುವ ಕವಲಿನ ಬಳಿ. ತೊಡೆಯಲ್ಲಿ ಎರಡು ಬೆರಳು ಹಿಡಿಯುವಷ್ಟು ಸಡಿಲವಿರುವ, ಒತ್ತಾಗಿ ನೇಯ್ದ ಟ್ವಿಲ್ (ಓರೆ ಗೆರೆಗಳ ನೇಯ್ಗೆಯ) ಬಟ್ಟೆ ಬಹುಕಾಲ ಬರುತ್ತದೆ. ನೂರಕ್ಕೆ ಎರಡು ಭಾಗ ಎಲಾಸ್ಟೇನ್ ಎಂಬ ಹಿಗ್ಗುವ ಎಳೆ ಬೆರೆತ ಹತ್ತಿ ಕುಳಿತುಕೊಳ್ಳಲು ಹಿತ, ಆದರೆ ಡ್ರೈಯರಿನ ಬಿಸಿಗೆ ಆ ಎಳೆ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದು, ನೇತುಹಾಕಿ ಒಣಗಿಸಿ.

ಉದ್ದ ಕಡಿಮೆ ಮಾಡಿಸುವ ಮುನ್ನ ಹತ್ತಿಯ ಪ್ಯಾಂಟನ್ನು ಒಮ್ಮೆ ಒಗೆಯಿರಿ, ಏಕೆಂದರೆ ಮೊದಲ ಒಗೆತದಲ್ಲಿ ಅದು ಕುಗ್ಗಬಹುದು. ದರ್ಜಿಯ ಬಳಿ ಹೋಗುವಾಗ ಆಫೀಸಿನ ಶೂವನ್ನೇ ಹಾಕಿಕೊಂಡು ಹೋಗಿ, ಪ್ಯಾಂಟಿನ ಅಂಚು ಶೂವಿನ ಮೇಲೆ ಒಂದೇ ಒಂದು ಸಣ್ಣ ಮಡಿಕೆ ಬೀಳುವಂತೆ ಗುರುತು ಹಾಕಿಸಿ.