ಚಪ್ಪಲಿ ಕಚ್ಚಿಕೊಂಡು ಓಡುವ ಮರಿಗೆ ‘ಕೊಡುವುದು’ ಕಲಿಸುವುದು ಹೇಗೆ?

ಬೆಳಿಗ್ಗೆ ಎಂಟೂವರೆ. ಕೆಲಸಕ್ಕೆ ಹೊರಡುವ ಹೊತ್ತು. ಒಂದು ಸಾಕ್ಸ್ ಕಾಲಲ್ಲಿದೆ, ಇನ್ನೊಂದು ನಾಯಿಮರಿಯ ಬಾಯಲ್ಲಿದೆ. ನೀವು ಹತ್ತಿರ ಹೋದರೆ ಅದು ಸೋಫಾ ಸುತ್ತ ಓಡುತ್ತದೆ. ಮಗ ಆ ಕಡೆಯಿಂದ ಬರುತ್ತಾನೆ, ಅಮ್ಮ ಪೊರಕೆ ಹಿಡಿದು ಈ ಕಡೆಯಿಂದ. ಕೊನೆಗೆ ಮರಿ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಕೈ ಹಾಕಿದರೆ ಗುರ್ ಅನ್ನುತ್ತದೆ.

ನಮ್ಮ ಚುಕ್ಕಿಗೆ ನಾಲ್ಕು ತಿಂಗಳಿದ್ದಾಗ ದಿನಾ ಇದೇ ಕಥೆ. ರಸ್ತೆ ಬದಿಯಲ್ಲಿ ಸಿಕ್ಕ ಮರಿ ಅವಳು. ಒಂದು ದಿನ ಗೇಟಿನ ಹತ್ತಿರ ಕೋಳಿ ಮೂಳೆ ಕಚ್ಚಿಕೊಂಡಳು. ಗಾಬರಿಯಲ್ಲಿ ಬಾಯಿ ಅಗಲಿಸಿ ಕಿತ್ತುಕೊಂಡೆ. ಮೂತಿಗೆ ಒಂದು ಏಟೂ ಕೊಟ್ಟೆ. ಮೂಳೆ ಸಿಕ್ಕಿತು. ಆದರೆ ಮಾರನೇ ದಿನದಿಂದ ಬಾಯಲ್ಲಿ ಏನಾದರೂ ಇದ್ದಾಗ ನನ್ನನ್ನು ಕಂಡರೆ ಸಾಕು, ಓಡುತ್ತಿದ್ದಳು. ಓಡಲು ಜಾಗ ಇಲ್ಲದಿದ್ದರೆ ಗಬಕ್ಕನೆ ನುಂಗುತ್ತಿದ್ದಳು. ಈ ಕೈ ಹತ್ತಿರ ಬಂದರೆ ನನ್ನ ಹತ್ತಿರ ಇರುವುದು ಹೋಗುತ್ತದೆ ಎಂದು ನಾನೇ ಅವಳಿಗೆ ಕಲಿಸಿದ್ದೆ. ಇದನ್ನು ತಿದ್ದಲು ಎರಡು ತಿಂಗಳು ಬೇಕಾಯಿತು. ನಿಮ್ಮ ಮರಿ ಇನ್ನೂ ಚಿಕ್ಕದಿದ್ದರೆ ಅಷ್ಟು ಕಷ್ಟವೇ ಬರುವುದಿಲ್ಲ.

ಮೊದಲು ಮನೆ ಸರಿಮಾಡಿ

ಮರಿಗೆ ಕೈ ಇಲ್ಲ, ಬಾಯಿಯೇ ಕೈ. ಹೊಸ ವಸ್ತು ಕಂಡರೆ ಅದು ಬಾಯಲ್ಲೇ ಹಿಡಿದು ನೋಡುತ್ತದೆ. ಜೊತೆಗೆ ಹಲ್ಲಿನ ಕಾಟ. 28 ಹಾಲುಹಲ್ಲುಗಳು ಸುಮಾರು ನಾಲ್ಕನೇ ತಿಂಗಳಿಂದ ಬೀಳತೊಡಗಿ, ಆರೇಳು ತಿಂಗಳ ಹೊತ್ತಿಗೆ 42 ಹೊಸ ಹಲ್ಲುಗಳು ಬಂದಿರುತ್ತವೆ. ಈ ದಿನಗಳಲ್ಲಿ ಒಸಡು ತುರಿಸುತ್ತದೆ, ಕಚ್ಚದೆ ಇರಲು ಆಗುವುದಿಲ್ಲ. ಅದು ಹಟವೂ ಅಲ್ಲ, ಸೇಡೂ ಅಲ್ಲ.

ಹಾಗಾಗಿ ಚಪ್ಪಲಿ ಬಾಗಿಲಿರುವ ಸ್ಟ್ಯಾಂಡಿನೊಳಗೆ ಹೋಗಲಿ. ಸಾಕ್ಸ್, ರಿಮೋಟ್, ಮಾತ್ರೆ, ಮಕ್ಕಳ ಆಟಿಕೆ ಎಲ್ಲವೂ ಮೇಲಕ್ಕೆ. ಬದಲಿಗೆ ಕಚ್ಚಲು ಮರಿಗೆಂದೇ ಮೂರ್ನಾಲ್ಕು ವಸ್ತು ಕೊಡಿ. ಹಳೇ ಬಟ್ಟೆಗೆ ಗಂಟು ಹಾಕಿ, ಒದ್ದೆ ಮಾಡಿ, ಫ್ರೀಜರಿನಲ್ಲಿಟ್ಟು ಕೊಟ್ಟರೆ ಒಸಡಿಗೆ ತಂಪು. ನೀವು ಎದುರಿಗೆ ಇರುವಾಗ ಮಾತ್ರ ಕೊಡಿ, ಹರಿದು ನುಂಗಬಾರದು.

ಅಟ್ಟಿಸಿಕೊಂಡು ಹೋಗಬೇಡಿ

ಮೂರು ಜನ ಹಿಂದೆ ಬಿದ್ದರೆ ಮರಿಗೆ ಅದು ಮುಟ್ಟಾಟ. ಸಾಕ್ಸ್ ಎತ್ತಿಕೊಂಡರೆ ಮನೆಯವರೆಲ್ಲ ಆಟಕ್ಕೆ ಬರುತ್ತಾರೆ ಎಂದು ಅದು ಕಲಿಯುತ್ತದೆ. ಅಪಾಯ ಇಲ್ಲದ ವಸ್ತುವಾದರೆ ಸುಮ್ನೆ ತಿರುಗಿ ಅಡುಗೆಮನೆ ಕಡೆ ನಡೆಯಿರಿ. ಟ್ರೀಟ್ ಡಬ್ಬ ಅಲ್ಲಾಡಿಸಿ. ಹತ್ತರಲ್ಲಿ ಎಂಟು ಸಲ ಚುಕ್ಕಿ ಹಿಂದೆಯೇ ಬರುತ್ತಿದ್ದಳು, ಸಾಕ್ಸ್ ದಾರಿಯಲ್ಲೇ ಬಿದ್ದಿರುತ್ತಿತ್ತು.

ಕೊಟ್ಟು ತಗೊಳ್ಳುವ ಆಟ

ಎಲ್ಲದಕ್ಕೂ ಬುನಾದಿ ಇದು. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ ಆಡಿದರೆ ಸಾಕು. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ಮಾಂಸ ತರದ ಮನೆಯಾದರೆ ಪನೀರ್ ಆಗುತ್ತದೆ.

ಮರಿಗೆ ಅಷ್ಟೇನೂ ಆಸೆ ಇಲ್ಲದ ವಸ್ತುವಿನಿಂದ ಶುರು ಮಾಡಿ. ನಾವು ಹಳೇ ಹಗ್ಗದ ತುಂಡು ತಗೊಂಡೆವು. ಮರಿ ಅದನ್ನು ಕಚ್ಚಿಕೊಂಡಿರುವಾಗ ಒಂದು ತುಂಡು ಕೋಳಿಯನ್ನು ಮೂಗಿನ ಹತ್ತಿರ ತನ್ನಿ. ಬಾಯಿ ತೆರೆದು ಹಗ್ಗ ಬಿದ್ದ ಕೂಡಲೇ ನಾಲ್ಕೈದು ತುಂಡು ನೆಲದ ಮೇಲೆ ಚೆಲ್ಲಿ, ಹಗ್ಗದಿಂದ ಸ್ವಲ್ಪ ದೂರಕ್ಕೆ. ಅದು ಹೆಕ್ಕಿ ತಿನ್ನುತ್ತಿರುವಾಗ ಆರಾಮಾಗಿ ಹಗ್ಗ ಎತ್ತಿಕೊಳ್ಳಿ. ಒಂದೇ ತುಂಡನ್ನು ಕೈಯಲ್ಲಿ ತೋರಿಸಿ ಇನ್ನೊಂದು ಕೈಯಲ್ಲಿ ಲಪಕ್ಕನೆ ಕಿತ್ತುಕೊಳ್ಳುವವರು ಜಾಸ್ತಿ. ಎರಡನೇ ದಿನಕ್ಕೇ ಮರಿಗೆ ಮೋಸ ಗೊತ್ತಾಗುತ್ತದೆ. ಆಮೇಲೆ ಕೋಳಿ ತೋರಿಸಿದರೂ ಬಾಯಿ ಬಿಗಿಹಿಡಿಯುತ್ತದೆ.

ಮುಂದಿನ ಭಾಗವೇ ಮುಖ್ಯ: ಹಗ್ಗವನ್ನು ವಾಪಸ್ ಕೊಡಿ! ಹತ್ತು ಸಲ ತಗೊಂಡರೆ ಒಂಬತ್ತು ಸಲ ವಾಪಸ್ ಕೊಡಿ. ಬಿಟ್ಟರೆ ಕೋಳಿಯೂ ಸಿಕ್ಕಿತು, ಹಗ್ಗವೂ ಸಿಕ್ಕಿತು. ಹೀಗಾದಾಗ ಹಿಡಿದುಕೊಂಡು ಓಡುವ ಅಗತ್ಯವೇ ಅದಕ್ಕೆ ಕಾಣುವುದಿಲ್ಲ.

ಎರಡು ಮೂರು ದಿನ ಇದು ಸಲೀಸಾಗಿ ನಡೆದ ಮೇಲೆ ಒಂದು ಪದ ಸೇರಿಸಿ. ಮೊದಲು ಪದ, ಒಂದು ಕ್ಷಣ ಬಿಟ್ಟು ಕೈ. ಪದ ಆರಿಸುವಾಗ ಯೋಚಿಸಿ. ನಾವು ಮೊದಲು ‘ಬಿಡು’ ಅಂದೆವು, ನಡೆಯಲಿಲ್ಲ. ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ‘ಹೋಗ್ಲಿ ಬಿಡು’, ‘ಆಯ್ತು ಬಿಡು’ ಅನ್ನುತ್ತೇವೆ, ಅಲ್ವಾ? ಫೋನಿನಲ್ಲಿ ಅದನ್ನೇ ನೂರು ಸಲ ಕೇಳಿದ ಮರಿಗೆ ಆ ಪದಕ್ಕೆ ಬೆಲೆಯೇ ಇರಲಿಲ್ಲ. ಆಮೇಲೆ ‘ಕೊಟ್ಬಿಡು’ ಅಂತ ಬದಲಾಯಿಸಿದೆವು, ಅದೂ ಸ್ವಲ್ಪ ರಾಗವಾಗಿ. ಮನೆಯವರೆಲ್ಲ ಅದನ್ನೇ ಹೇಳಬೇಕು. ಒಬ್ಬರು ‘ಡ್ರಾಪ್’, ಇನ್ನೊಬ್ಬರು ‘ಹಚಾ’ ಅಂದರೆ ಮರಿಗೆ ತಲೆಬುಡ ತಿಳಿಯುವುದಿಲ್ಲ.

ಹಗ್ಗದಿಂದ ಚೆಂಡು, ಚೆಂಡಿನಿಂದ ಸಾಕ್ಸ್, ಆಮೇಲೆ ಅಗಿಯುವ ಕಡ್ಡಿ. ಮೆಟ್ಟಿಲು ಹತ್ತಿದ ಹಾಗೆ ಹತ್ತಿ. ಬಿಗಿಹಿಡಿದರೆ ಒಂದು ಮೆಟ್ಟಿಲು ಕೆಳಗೆ ಬನ್ನಿ.

ಟ್ರೀಟ್ ಸಿಗುತ್ತದೆ ಅಂತ ಬೇಕೆಂದೇ ಚಪ್ಪಲಿ ತರುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಕೆಲವು ಮರಿಗಳು ತರುತ್ತವೆ. ಅಂಥ ಮರಿ ತನ್ನ ಆಟಿಕೆ ಇಟ್ಟುಕೊಂಡು ಸುಮ್ಮನೆ ಮಲಗಿರುವಾಗಲೂ ಹೋಗಿ ಒಂದು ತುಂಡು ಕೊಟ್ಟು ಬನ್ನಿ. ಆಗ ಚಪ್ಪಲಿಗೆ ವಿಶೇಷ ಬೆಲೆ ಉಳಿಯುವುದಿಲ್ಲ. ಹೇಗೂ ತಂದು ಕೊಡುವ ಮರಿ ಎತ್ತಿಕೊಂಡು ಓಡುವ ಮರಿಗಿಂತ ಎಷ್ಟೋ ವಾಸಿ.

ಊಟದ ತಟ್ಟೆ

ತಿನ್ನುವಾಗ ತಟ್ಟೆಗೆ ಕೈ ಹಾಕಿ ಅಭ್ಯಾಸ ಮಾಡಿಸಿ, ಯಜಮಾನ ಯಾರು ಅಂತ ಗೊತ್ತಾಗಲಿ ಎನ್ನುವ ಸಲಹೆ ಈಗಲೂ ಕೇಳಿಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮದುವೆ ಮನೆಯಲ್ಲಿ ಬಾಳೆಲೆ ಮುಂದೆ ಕೂತಿದ್ದೀರಿ ಅಂದುಕೊಳ್ಳಿ. ಪಕ್ಕದವರು ಪದೇಪದೇ ನಿಮ್ಮ ಎಲೆಗೆ ಕೈ ಹಾಕಿದರೆ ಹೇಗಿರುತ್ತದೆ? ಅದೇ, ಒಬ್ಬಟ್ಟಿನ ಪಾತ್ರೆ ಹಿಡಿದವರು ಸಾಲಿನಲ್ಲಿ ಬರುತ್ತಿದ್ದರೆ ದೂರದಿಂದಲೇ ಖುಷಿಯಾಗುತ್ತದೆ. ಮರಿಗೆ ನೀವು ಒಬ್ಬಟ್ಟು ಬಡಿಸುವವರಾಗಿ.

ಅದು ತಿನ್ನುತ್ತಿರುವಾಗ ಏಳೆಂಟು ಅಡಿ ದೂರದಲ್ಲಿ ಹಾದುಹೋಗಿ. ಹೋಗುತ್ತಾ ತಟ್ಟೆಯ ಹತ್ತಿರಕ್ಕೆ ಒಂದು ತುಂಡು ಕೋಳಿ ಎಸೆಯಿರಿ. ನಿಲ್ಲಬೇಡಿ, ಮುಂದೆ ನಡೆಯಿರಿ. ದಿನ ಕಳೆದಂತೆ ನಿಮ್ಮ ಹೆಜ್ಜೆ ಸದ್ದು ಕೇಳಿದರೆ ತಲೆ ಎತ್ತಿ ಬಾಲ ಅಲ್ಲಾಡಿಸುತ್ತದೆ. ಆಗ ಒಂದಡಿ ಹತ್ತಿರ ಬನ್ನಿ. ಅವಸರ ಬೇಡ.

ಮರಿಯ ಮೈ ಓದುವುದನ್ನೂ ಕಲಿಯಿರಿ. ನೀವು ಬಂದಾಗ ಮೈ ಬಿಗಿಯಾಗುವುದು, ಇದ್ದಕ್ಕಿದ್ದಂತೆ ಬೇಗಬೇಗ ತಿನ್ನುವುದು, ತಟ್ಟೆಯ ಮೇಲೆ ತಲೆ ಬಾಗಿಸಿ ಕಣ್ಣಂಚಿನಲ್ಲಿ ಬಿಳಿ ಕಾಣುವಂತೆ ನೋಡುವುದು, ಇವೆಲ್ಲ ‘ದೂರ ಇರಿ’ ಎಂಬ ಮಾತು. ನೀವು ಗಮನಿಸದಿದ್ದರೆ ಅದು ಗುರ್ ಅನ್ನುತ್ತದೆ. ಆಗ ಹೊಡೆಯಬೇಡಿ, ಬೈಯಬೇಡಿ. ಹಿಂದೆ ಸರಿಯಿರಿ. ಎಷ್ಟು ದೂರ ಅದಕ್ಕೆ ನೆಮ್ಮದಿಯೋ ಅಲ್ಲಿಂದ ಮತ್ತೆ ಶುರು ಮಾಡಿ. ಗುರ್ ಅನ್ನುವುದನ್ನು ಹೊಡೆದು ಬಿಡಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಅಂಥ ನಾಯಿ ಮುನ್ಸೂಚನೆ ಇಲ್ಲದೆ ಕಚ್ಚಬಹುದು.

ಮಕ್ಕಳಿರುವ ಮನೆಯಲ್ಲಿ ಈ ಅಭ್ಯಾಸ ದೊಡ್ಡವರದ್ದು ಮಾತ್ರ. ಮರಿ ತಿನ್ನುವಾಗ ಮಕ್ಕಳು ಆ ಕಡೆ ಸುಳಿಯಬಾರದು.

ರಸ್ತೆಯಲ್ಲಿ, ತುರ್ತಿನಲ್ಲಿ

ಯುಗಾದಿಯ ಮಾರನೇ ದಿನ, ವರ್ಷತೊಡಕಿಗೆ, ನಮ್ಮ ಕಡೆ ಬೀದಿ ತುಂಬ ಮೂಳೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು. ಇದಕ್ಕೆ ‘ಬೇಡ’ ಕಲಿಸಿ. ಮುಚ್ಚಿದ ಮುಷ್ಟಿಯಲ್ಲಿ ಟ್ರೀಟ್ ಹಿಡಿಯಿರಿ. ಮರಿ ಮೂಸಿ, ನೆಕ್ಕಿ, ಸೋತು ಹಿಂದೆ ಸರಿದ ಕ್ಷಣ ಇನ್ನೊಂದು ಕೈಯಿಂದ ಬೇರೆ ತುಂಡು ಕೊಡಿ. ಆಮೇಲೆ ನೆಲದ ಮೇಲಿಟ್ಟು, ಕೊನೆಗೆ ರಸ್ತೆಯಲ್ಲಿ ಬೆಲ್ಟ್ ಹಿಡಿದು ಮಾಡಿ.

ಬಾಯಲ್ಲಿ ಮಾತ್ರೆ, ಬಟನ್ ಸೆಲ್, ಚಾಕೊಲೇಟ್, ಪಾಯಸದ ಒಣದ್ರಾಕ್ಷಿ ಇದ್ದರೆ ಪಾಠ ಬೇಡ. ಮನೆಯಲ್ಲಿರುವ ಒಳ್ಳೆಯ ತಿಂಡಿಯನ್ನು ಮುಷ್ಟಿ ತುಂಬ ನೆಲಕ್ಕೆ ಚೆಲ್ಲಿ. ನುಂಗಿಬಿಟ್ಟಿದ್ದರೆ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸಾಕ್ಸ್ ನುಂಗಿದರೂ ಕಾಯಬೇಡಿ, ಕರುಳು ಕಟ್ಟಿಕೊಳ್ಳಬಹುದು.

ಹಲ್ಲು ತಾಗಿ ಗೀರು ಬಿದ್ದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಮರಿಗೆ ರೇಬಿಸ್ ಲಸಿಕೆ ಆಗಿದ್ದರೂ ಹೋಗಿ. ಒಮ್ಮೆ ಕಚ್ಚಿದ ಮರಿಯನ್ನು ಒಬ್ಬರೇ ತಿದ್ದಲು ಹೋಗಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ. ಹಲ್ಲು, ಕಿವಿಯ ನೋವಿನಿಂದಲೂ ಸಿಡುಕುತ್ತಿರಬಹುದು. ಆಮೇಲೆ ಹೊಡೆಯದೆ ಕಲಿಸುವ ತರಬೇತುದಾರರನ್ನು ಹುಡುಕಿ.

ಏಳೆಂಟು ತಿಂಗಳಿಗೆ ಹರೆಯ ಬಂದಾಗ ಕಲಿತದ್ದೆಲ್ಲ ಮರೆತಂತೆ ಆಡಿದರೆ ಹೆದರಬೇಡಿ. ಚುಕ್ಕಿಯೂ ಒಂದು ವಾರ ಅಮ್ಮನ ಟವೆಲ್ ಹಿಡಿದು ಮಂಚದ ಕೆಳಗೆ ಸೇರುತ್ತಿದ್ದಳು. ನಾವು ಅದೇ ಹಳೇ ಹಗ್ಗ ತೆಗೆದು ಮೊದಲಿಂದ ಶುರು ಮಾಡಿದೆವು. ಐದನೇ ದಿನ ಅಮ್ಮ ಅಡುಗೆಮನೆಯಿಂದಲೇ ‘ಕೊಟ್ಬಿಡು ಪುಟ್ಟಿ’ ಅಂದರು. ಪೊರಕೆ ಮೂಲೆಯಲ್ಲೇ ಇತ್ತು. ಚುಕ್ಕಿ ಟವೆಲ್ ಎಳೆದುಕೊಂಡು ಹೋಗಿ ಅವರ ಕಾಲ ಬಳಿ ಹಾಕಿದಳು.